ಹುಟ್ಟು, ಮೈಬಣ್ಣ, ಮೂಲ: ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನ ತರಗತಿಗಳಲ್ಲಿ, ಲಂಬಾಣಿಗರ ತಾಂಡಾಗಳ ಕಟ್ಟೆಯ ಮೇಲೆ, ಕಾನೂನು ಅರಿವು ಶಿಬಿರಗಳಲ್ಲಿ ಜನರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿ ಉತ್ತರಿಸಲಾಗಿದೆ. ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇನೆ.

ಜನಾಂಗೀಯ ಅಸಮಾನತೆ ಎಂದರೆ ಅಮೆರಿಕ, ದಕ್ಷಿಣ ಆಫ್ರಿಕದ ಮಾತಲ್ಲವೇ? ಅದಕ್ಕೂ ಕಲಬುರಗಿಗೂ ಏನು ಸಂಬಂಧ?

1960ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕದ ಶಾರ್ಪ್‌ವಿಲ್‌ನಲ್ಲಿ, ಕಪ್ಪು ಜನರು ಎಲ್ಲಿಗೆ ಹೋದರೂ ಪಾಸ್ ಇಟ್ಟುಕೊಂಡೇ ಓಡಾಡಬೇಕೆಂಬ ಕಾಯ್ದೆಯನ್ನು ವಿರೋಧಿಸಿ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 69 ಮಂದಿ ಎಂದು ಅಂದಿನ ಅಧಿಕೃತ ಲೆಕ್ಕ ಹೇಳಿತು. ಜನಾಂಗೀಯ ತಾರತಮ್ಯ ನಿವಾರಣೆಯ ಅಂತರರಾಷ್ಟ್ರೀಯ ದಿನವನ್ನು ವಿಶ್ವಸಂಸ್ಥೆ ಮಾರ್ಚ್ 21ರಂದು ಆಚರಿಸುವುದು ಇದೇ ಕಾರಣಕ್ಕೆ. 1965ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, 1968ರಲ್ಲಿ ಭಾರತವೂ ಒಪ್ಪಿ ಅನುಮೋದಿಸಿದ ಒಡಂಬಡಿಕೆಯಲ್ಲಿ ಜನಾಂಗೀಯ ತಾರತಮ್ಯ ಎಂದರೆ ಮೈಬಣ್ಣದ ಭೇದ ಮಾತ್ರವಲ್ಲ. ಜನಾಂಗ, ಬಣ್ಣ, ವಂಶ, ರಾಷ್ಟ್ರೀಯ ಇಲ್ಲವೇ ಜನಾಂಗೀಯ ಮೂಲ, ಇವುಗಳಲ್ಲಿ ಯಾವುದನ್ನೇ ಕಾರಣ ಮಾಡಿಕೊಂಡು ಒಬ್ಬರ ಹಕ್ಕನ್ನು ಕಿತ್ತುಕೊಂಡರೂ ಅದು ತಾರತಮ್ಯವೇ.

ನಮ್ಮಲ್ಲಿ ಇದು ಬಂದೂಕು ಹಿಡಿದು ಬರುವುದು ಅಪರೂಪ, ಬಾಗಿಲಲ್ಲಿ ಕೇಳುವ ಒಂದು ಪ್ರಶ್ನೆಯಾಗಿ ಬರುತ್ತದೆ. ಸೇಡಂ ರಸ್ತೆಯ ಕಡೆ ನನ್ನ ವಿದ್ಯಾರ್ಥಿಯೊಬ್ಬನ ಜೊತೆ ಬಾಡಿಗೆ ಕೋಣೆ ಹುಡುಕಲು ಹೋಗಿದ್ದೆ. ಮನೆಯೊಡತಿ ಕೀಲಿ ತೆಗೆದು ಕೋಣೆ ತೋರಿಸಿದರು. “ನಳ ಮೂರ್ ದಿನಕ್ಕೊಮ್ಮೆ ಬರ್ತದರೀ, ಖರೇ ಬೋರ್ ಅದ, ನೀರಿಂದೇನ್ ತ್ರಾಸಿಲ್ಲ” ಎಂದರು. ಬಾಡಿಗೆ, ಅಡ್ವಾನ್ಸ್ ಎಲ್ಲ ಮಾತಾಯಿತು. ಮೆಟ್ಟಿಲಿಳಿಯುವಾಗ, “ಮತ್ತ, ನೀವ್ ಯಾವ ಮಂದಿ?” ಎಂದರು. ಹುಡುಗ ಇದ್ದದ್ದನ್ನು ಹೇಳಿದ. “ನಮ್ಮ್ ತಮ್ಮಗ ಒಂದ್ ಮಾತ್ ಕೇಳಿ ಫೋನ್ ಮಾಡ್ತೀನಿ” ಎಂದರು. ಆ ಫೋನ್ ಬರಲೇ ಇಲ್ಲ. ಬಾಡಿಗೆಗೆ ಇದೆ ಎಂಬ ಬೋರ್ಡು ಮರುವಾರವೂ ಅದೇ ಗೇಟಿಗೆ ತೂಗಾಡುತ್ತಿತ್ತು. ಯಾರೂ ಬೈಯಲಿಲ್ಲ, ಆ ತಾಯಿ ನಮಗೆ ಕುಡಿಯಲು ನೀರನ್ನೂ ಕೊಟ್ಟಿದ್ದರು. ಆದರೆ ಹುಡುಗ ಮುಂದಿನ ಒಂದೂವರೆ ತಿಂಗಳು ದಿನವೂ ಊರಿನಿಂದ ಬಸ್ಸಿಗೆ ಬಂದು ಹೋದ, ಮೊದಲ ಇಂಟರ್ನಲ್ ಪರೀಕ್ಷೆಯಲ್ಲಿ ಅವನ ಅಂಕಗಳು ಇಳಿದವು. ಅಂಕಪಟ್ಟಿಯಲ್ಲಿ ಕಾಣುವುದು ಅಂಕ ಮಾತ್ರ.

ಮನುಷ್ಯರಲ್ಲಿ ಬೇರೆ ಬೇರೆ ಜನಾಂಗಗಳಿವೆ ಎಂದು ವಿಜ್ಞಾನವೇ ಹೇಳುವುದಿಲ್ಲವೇ?

ಹೇಳುವುದಿಲ್ಲ. ಯಾವುದೇ ಇಬ್ಬರು ಮನುಷ್ಯರ ವಂಶವಾಹಿ ಬರಹ ಸುಮಾರು ಶೇ 99.9ರಷ್ಟು ಒಂದೇ ಆಗಿರುತ್ತದೆ. ಉಳಿದ ಸಣ್ಣ ವ್ಯತ್ಯಾಸದಲ್ಲಿಯೂ ಹೆಚ್ಚಿನ ಪಾಲು ಒಂದೇ ಗುಂಪಿನೊಳಗಿನ ಜನರ ನಡುವೆ ಇರುತ್ತದೆಯೇ ಹೊರತು ಗುಂಪು ಗುಂಪುಗಳ ನಡುವೆ ಅಲ್ಲ. ಮೈಬಣ್ಣ ಮೆಲನಿನ್ ಎಂಬ ವರ್ಣದ್ರವ್ಯದ ಪ್ರಮಾಣಕ್ಕೆ ಸಂಬಂಧಿಸಿದ್ದು, ಅದು ಬುದ್ಧಿಯನ್ನಾಗಲಿ ನಡತೆಯನ್ನಾಗಲಿ ತಿಳಿಸುವುದಿಲ್ಲ. ವಸಾಹತು ಕಾಲದಲ್ಲಿ ಹರ್ಬರ್ಟ್ ರಿಸ್ಲೆ ಎಂಬ ಅಧಿಕಾರಿ ಜನರ ಮೂಗಿನ ಉದ್ದ ಅಗಲ ಅಳೆದು, ಆ ಅಳತೆಯಿಂದ ಜಾತಿಗಳ ಮೇಲು ಕೀಳನ್ನು ವಿವರಿಸಬಹುದೆಂದು ವಾದಿಸಿದ್ದರು. 1901ರ ಜನಗಣತಿಯ ಹೊಣೆ ಹೊತ್ತವರೂ ಅವರೇ. ಆ ವಾದ ಬಿದ್ದುಹೋಗಿ ಬಹಳ ಕಾಲವಾಯಿತು. ಹೆಣ್ಣು ನೋಡಲು ಹೋದಾಗ ಬಣ್ಣ ನೋಡುವ ಚಾಳಿ ಮಾತ್ರ ನಮ್ಮ ಮನೆಗಳಲ್ಲಿ ಇಂದಿಗೂ ಇದೆ.

ಜನಾಂಗ ಎಂಬುದು ದೇಹದಲ್ಲಿ ಇಲ್ಲದಿದ್ದರೂ ಅದನ್ನು ನಂಬಿ ನಡೆದುಕೊಳ್ಳುವುದರಿಂದ ಆಗುವ ಹಾನಿ ನಿಜವಾದದ್ದು. ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ಹಾಗಾದರೆ ಜಾತಿ ಮತ್ತು ಜನಾಂಗ ಒಂದೇ ಏನು?

ಒಂದೇ ಅಲ್ಲ. ಜಾತಿಗಳು ಬೇರೆ ಬೇರೆ ಜನಾಂಗಗಳಿಂದ ಹುಟ್ಟಿದವು ಎಂಬ ಸಿದ್ಧಾಂತವನ್ನು ಡಾ. ಬಿ.ಆರ್. ಅಂಬೇಡ್ಕರ್ ಅವರು ಆಧಾರ ಕೊಟ್ಟು ತಳ್ಳಿಹಾಕಿದ್ದರು. ಅದೇ ಅಂಬೇಡ್ಕರ್ ಅವರು 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಲ್ಲಿನ ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಬಗ್ಗೆ ವಿಚಾರಿಸಿದ್ದರು. ಮೂಲ ಬೇರೆಯಾದರೂ ನೋವಿಗೆ ನಂಟಿದೆ ಎಂಬುದು ಅವರಿಗೆ ಗೊತ್ತಿತ್ತು.

2001ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ ನಡೆದ ವಿಶ್ವ ಸಮ್ಮೇಳನದಲ್ಲಿ ಜಾತಿಯ ವಿಷಯವನ್ನೂ ಚರ್ಚಿಸಬೇಕೆಂದು ದಲಿತ ಸಂಘಟನೆಗಳು ಒತ್ತಾಯಿಸಿದವು, ಭಾರತ ಸರ್ಕಾರ ಒಪ್ಪಲಿಲ್ಲ. ಮರುವರ್ಷ ವಿಶ್ವಸಂಸ್ಥೆಯ ಸಂಬಂಧಪಟ್ಟ ಸಮಿತಿಯು, ಒಡಂಬಡಿಕೆಯಲ್ಲಿರುವ ‘ವಂಶ’ ಎಂಬ ಪದದೊಳಗೆ ಜಾತಿಯೂ ಬರುತ್ತದೆ ಎಂದು ಸ್ಪಷ್ಟಪಡಿಸಿತು. ಸರ್ಕಾರದ ನಿಲುವು ಈಗಲೂ ಬೇರೆಯೇ ಇದೆ. ಈ ವಾದವನ್ನು ವಿದ್ವಾಂಸರು ಮುಂದುವರಿಸಲಿ. ಬಾಗಿಲಲ್ಲಿ ನಿಂತು “ಯಾವ ಮಂದಿ” ಎಂದು ಕೇಳಿಸಿಕೊಂಡವನಿಗೆ ಎರಡರಿಂದಲೂ ಆಗುವುದು ಒಂದೇ, ಆದ್ದರಿಂದ ಮುಂದಿನ ಉತ್ತರಗಳಲ್ಲಿ ಎರಡನ್ನೂ ಜೊತೆಯಾಗಿಯೇ ಇಟ್ಟುಕೊಂಡಿದ್ದೇನೆ.

ನಮ್ಮ ಭಾಗದಲ್ಲಿ ಇಷ್ಟು ಬಗೆಯ ಜನ ಹೇಗೆ ಸೇರಿದರು?

ಬೀದರಿನಲ್ಲಿ ನಿಂತರೆ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಸಂತೆಯ ದಿನ ಕನ್ನಡ, ದಖ್ಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿಗರ ಗೋರ್‌ಬೋಲಿ ಎಲ್ಲವೂ ಕಿವಿಗೆ ಬೀಳುತ್ತವೆ. ಹದಿನಾಲ್ಕನೆಯ ಶತಮಾನದಲ್ಲಿ ಕಲಬುರಗಿಯಲ್ಲಿ ನೆಲೆಯೂರಿ, ಮುಂದೆ ಬೀದರಿಗೆ ರಾಜಧಾನಿ ಬದಲಿಸಿದ ಬಹಮನಿ ಸುಲ್ತಾನರ ಕಾಲದಲ್ಲಿ ಇರಾನಿನಿಂದ, ಮಧ್ಯ ಏಷ್ಯಾದಿಂದ, ಆಫ್ರಿಕದಿಂದ ಜನ ಬಂದರು. ಬೀದರ್ ಊರಿನ ಪೂರ್ವದ ಗುಡ್ಡಕ್ಕೆ ಇಂದಿಗೂ ಹಬ್ಶಿ ಕೋಟ್ ಎಂದೇ ಹೆಸರು. ಇಥಿಯೋಪಿಯದ ಕಡೆಯಿಂದ ಬಂದ ಹಬ್ಶಿಗಳ ಗೋರಿಗಳು ಅಲ್ಲಿವೆ. ಗುಲಾಮರಾಗಿ ಬಂದ ಆ ಜನರಲ್ಲಿ ಕೆಲವರು ಸೇನಾನಿಗಳಾದರು, ಪ್ರಾಂತ್ಯಗಳನ್ನಾಳಿದರು. ಹದಿನೈದನೆಯ ಶತಮಾನದ ಕೊನೆಯಲ್ಲಿ ಕಲಬುರಗಿ ಪ್ರಾಂತ್ಯವನ್ನು ನೋಡಿಕೊಳ್ಳುತ್ತಿದ್ದ ದಸ್ತೂರ್ ದಿನಾರ್ ಹಬ್ಶಿ ಮೂಲದವನು.

ಅದು ಸಮಾನತೆಯ ಕಾಲವಾಗಿತ್ತು ಎಂದು ಹೇಳುತ್ತಿಲ್ಲ. ಹೊರಗಿನಿಂದ ಬಂದ ಅಫಾಕಿಗಳು ಒಂದು ಬಣ, ಇಲ್ಲಿ ನೆಲೆನಿಂತ ದಖ್ಖನಿಗಳು ಮತ್ತು ಹಬ್ಶಿಗಳು ಇನ್ನೊಂದು ಬಣವಾಗಿ ‘ಮೂಲ ಯಾವುದು’ ಎಂಬುದರ ಮೇಲೆಯೇ ಆಸ್ಥಾನ ಒಡೆದಿತ್ತು. ಇರಾನಿನ ಗಿಲಾನ್‌ನಿಂದ ಬಂದು ಬೀದರಿನಲ್ಲಿ ಮದರಸಾ ಕಟ್ಟಿಸಿದ ಪ್ರಧಾನಿ ಮಹಮೂದ್ ಗವಾನ್ ಈ ಬಣ ಜಗಳದಲ್ಲಿಯೇ, ಖೊಟ್ಟಿ ಪತ್ರವೊಂದರ ಆಧಾರದ ಮೇಲೆ, 1481ರಲ್ಲಿ ತಲೆ ಕಳೆದುಕೊಂಡರು. ಅದಕ್ಕೂ ಮೂರು ಶತಮಾನ ಹಿಂದೆ ಇದೇ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮನೆಗೂ ಬ್ರಾಹ್ಮಣ ಮೂಲದ ಮಧುವರಸರ ಮನೆಗೂ ನೆಂಟಸ್ತನ ಬೆಳೆದದ್ದಕ್ಕೆ ಕೊಟ್ಟ ಶಿಕ್ಷೆಯ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು.

ತಾಂಡಾದಲ್ಲಿ ಹುಟ್ಟಿದರೆ ಏನು ವ್ಯತ್ಯಾಸವಾಗುತ್ತದೆ?

ಲಂಬಾಣಿಗರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶದುದ್ದ ಸಾಗಿಸುತ್ತಿದ್ದವರು. ಆ ವ್ಯಾಪಾರವನ್ನು ಅವರು ಲದೇಣಿ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದ ಮೇಲೆ ಆ ಕಸುಬು ಮುರಿದುಬಿತ್ತು. ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ, ಊರಿನಿಂದ ದೂರ, ಗುಡ್ಡದ ಬದಿಗೆ, ಅರಣ್ಯದ ಅಂಚಿಗೆ ತಾಂಡಾಗಳು ನಿಂತವು. ಬಹುಕಾಲ ಊರಿನ ಲೆಕ್ಕದಲ್ಲಿ ಅವು ಊರಾಗಿರಲಿಲ್ಲ, ಮೂಲ ಗ್ರಾಮದ ಬಾಲ. ಅಲ್ಲಿನ ಮನೆಗೆ ಹಕ್ಕುಪತ್ರವಿರಲಿಲ್ಲ. ಹಕ್ಕುಪತ್ರವಿಲ್ಲದ ಮನೆ ತೋರಿಸಿ ಬ್ಯಾಂಕಿನಲ್ಲಿ ಸಾಲ ಕೇಳುವಂತಿಲ್ಲ, ಸರ್ಕಾರದ ವಸತಿ ಯೋಜನೆಯಲ್ಲಿ ಕಟ್ಟಿಸುವುದೂ ಕಷ್ಟ. ಪಂಚಾಯಿತಿಯ ದುಡ್ಡು ಮೂಲ ಗ್ರಾಮದ ಓಣಿಗಳಿಗೆ ಸಿ.ಸಿ. ರಸ್ತೆಯಾಗಿ ಮುಗಿದ ಮೇಲೆ ತಾಂಡಾದ ಪಾಳಿ.

2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ಈ ಐದು ಜಿಲ್ಲೆಗಳಲ್ಲಿ ದಾಖಲೆಯಿಲ್ಲದ ಸುಮಾರು 1,475 ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಗಿತ್ತು. ಇದು ದೊಡ್ಡ ಹೆಜ್ಜೆ, ಅದರಲ್ಲಿ ಅನುಮಾನವಿಲ್ಲ. ಆದರೆ ಸ್ವಾತಂತ್ರ್ಯ ಬಂದು ಎಪ್ಪತ್ತೈದು ವರ್ಷಗಳಾದ ಮೇಲೆ ಇಟ್ಟ ಹೆಜ್ಜೆ. ಅಷ್ಟರಲ್ಲಿ ಒಂದೇ ತಾಂಡಾದಲ್ಲಿ ಮೂರು ತಲೆಮಾರು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರುಗಳ ಕಟ್ಟಡಗಳಿಗೆ ಕಲ್ಲು, ಸಿಮೆಂಟು ಹೊತ್ತು ದುಡಿದಿತ್ತು. ಮಳೆ ನಂಬಿದ ತೊಗರಿ ಹೊಲ ಕೈಕೊಟ್ಟ ವರ್ಷ ಈಗಲೂ ತಾಂಡಾದಲ್ಲಿ ಮುದುಕರು, ಕೀಲಿ ಹಾಕಿದ ಮನೆಗಳು, ನಾಯಿಗಳು ಉಳಿಯುತ್ತವೆ. ಗುಳೆ ಹೋದ ಮನೆಯ ಮಗು ಅರ್ಧ ವರ್ಷದ ಪಾಠ ಕಳೆದುಕೊಳ್ಳುತ್ತದೆ.

ನಮ್ಮ ಶಾಲೆಯಲ್ಲಿ ತಾಂಡಾದ ಮಕ್ಕಳು ಹಿಂದೆ ಬೀಳುತ್ತಾರೆ. ಇದಕ್ಕೆ ತಾರತಮ್ಯವೇ ಕಾರಣವೇ, ಇಲ್ಲವೇ ಮಕ್ಕಳಿಗೇ ಓದಿನಲ್ಲಿ ಮನಸ್ಸಿಲ್ಲವೇ?

ಒಬ್ಬ ಶಿಕ್ಷಕಿ ಬಹಳ ಪ್ರಾಮಾಣಿಕವಾಗಿ ಕೇಳಿದ ಪ್ರಶ್ನೆ ಇದು. ಒಂದನೆಯ ತರಗತಿಗೆ ಬಂದ ಆರು ವರ್ಷದ ಹುಡುಗಿಯನ್ನು ನೆನೆದುಕೊಳ್ಳಿ. ಅವಳ ಮನೆಯಲ್ಲಿ ತಾಯಿಗೆ ಯಾಡಿ, ನೀರಿಗೆ ಪಾಣಿ, ರೊಟ್ಟಿಗೆ ಬಾಟಿ. ಟೀಚರು ಚಿತ್ರ ತೋರಿಸಿ “ಇದೇನು?” ಎಂದಾಗ ಅವಳು “ಬಾಟಿ” ಎನ್ನುತ್ತಾಳೆ, ತರಗತಿ ನಗುತ್ತದೆ. ಮರುದಿನದಿಂದ ಅವಳಿಗೆ ಉತ್ತರ ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಡದ ಮಗುವನ್ನು ಟೀಚರು ದಡ್ಡ ಮಗು ಎಂದುಕೊಳ್ಳುತ್ತಾರೆ. ಹಿಂದಿನ ಸಾಲಿಗೆ ಹೋದ ಮಗುವಿಗೆ ಬೋರ್ಡೂ ಕಾಣುವುದಿಲ್ಲ, ಪ್ರಶ್ನೆಯೂ ಬರುವುದಿಲ್ಲ. ಐದನೆಯ ತರಗತಿಗೆ ಬರುವ ಹೊತ್ತಿಗೆ ಅವಳು ನಿಜವಾಗಿಯೂ ಹಿಂದೆ ಬಿದ್ದಿರುತ್ತಾಳೆ, ‘ನೋಡಿ, ನಾವು ಹೇಳಿರಲಿಲ್ಲವೇ’ ಎನ್ನುವುದಕ್ಕೆ ಸಾಕ್ಷಿಯಾಗಿ ನಿಂತಿರುತ್ತಾಳೆ. ಮನೆಯಲ್ಲಿ ದಖ್ಖನಿ, ತೆಲುಗು ಆಡುವ ಮಕ್ಕಳ ಪಾಡೂ ಹೆಚ್ಚು ಕಡಿಮೆ ಇದೇ.

2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲಿಯೇ ಎಲ್ಲಕ್ಕಿಂತ ಕಡಿಮೆ. ರಾಜ್ಯದ ಸರಾಸರಿ ಶೇ 75.36 ಇತ್ತು. ಈ ಅಂತರವನ್ನು ಮಕ್ಕಳ ಮನಸ್ಸಿನಲ್ಲಿ ಹುಡುಕುವುದು ಅನ್ಯಾಯ. ಮೊದಲ ಎರಡು ವರ್ಷ ಟೀಚರು ಗೋರ್‌ಬೋಲಿಯ ಐವತ್ತು ಮಾತು ಕಲಿತರೆ ಸಾಕು, ತರಗತಿ ಬೇರೆಯಾಗುತ್ತದೆ. ಹಾಗೆ ಕಲಿತ ಟೀಚರುಗಳನ್ನು ನಾನು ಕಂಡಿದ್ದೇನೆ. ಅವರ ತರಗತಿಯಲ್ಲಿ ಗದ್ದಲ ಜಾಸ್ತಿ, ಏಕೆಂದರೆ ಎಲ್ಲ ಮಕ್ಕಳೂ ಮಾತಾಡುತ್ತಾರೆ.

ಕೆಲವು ಜಾತಿಯವರು ಹುಟ್ಟಾ ಕಳ್ಳರು ಎನ್ನುತ್ತಾರಲ್ಲ?

ಈ ಮಾತಿಗೆ ಒಂದು ಕಾಯ್ದೆಯ ಬೆನ್ನಿತ್ತು. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ದಾಖಲಿಸಲು ಆರಂಭಿಸಿತು. ಹೆಸರು ನೋಂದಾಯಿಸಬೇಕು, ಹಾಜರಿ ಹಾಕಬೇಕು, ಪರವಾನಗಿ ಇಲ್ಲದೆ ಊರು ಬಿಡುವಂತಿಲ್ಲ. ಶಾರ್ಪ್‌ವಿಲ್‌ನ ಪಾಸ್ ಇದಕ್ಕಿಂತ ಬಹಳ ಬೇರೆಯೇನಲ್ಲ. ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು. ಅದಕ್ಕಾಗಿಯೇ ಆ ಸಮುದಾಯಗಳು ಆ ದಿನವನ್ನು ವಿಮುಕ್ತ ದಿನವೆಂದು ಆಚರಿಸುತ್ತವೆ.

ಕಾಯ್ದೆ ಹೋದರೂ ಹೆಸರು ಹೋಗಲಿಲ್ಲ. ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಗಂಟಿಚೋರ’ ಎಂಬ ಹೆಸರು ಇವತ್ತಿಗೂ ಇದೆ. ಆ ಸಮುದಾಯದ ಹುಡುಗಿ ಕಾಲೇಜಿಗೆ ಸೇರಲು ಜಾತಿ ಪ್ರಮಾಣಪತ್ರ ಕೊಡುವಾಗ, ತಾನು ಗಂಟು ಕದಿಯುವವರ ಮನೆಯವಳು ಎಂದು ಮುದ್ರೆಯೊತ್ತಿದ ಕಾಗದವನ್ನೇ ಕೌಂಟರಿನಲ್ಲಿ ಮುಂದೆ ಚಾಚಬೇಕು. ಗುಮಾಸ್ತ ಅದನ್ನು ಓದಿ ತಲೆಯೆತ್ತಿ ಮುಖ ನೋಡುವ ಆ ಒಂದು ಗಳಿಗೆಯನ್ನು ದಾಟಿಯೇ ಅವಳು ತನ್ನ ಹಕ್ಕು ಪಡೆಯಬೇಕು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್, ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದುಪಡಿಸುವಾಗ, ವಿಮುಕ್ತ ಬುಡಕಟ್ಟುಗಳನ್ನು ಹುಟ್ಟಾ ಅಪರಾಧಿಗಳಂತೆ ಕಾಣುವ ಜೈಲು ಕೈಪಿಡಿಗಳನ್ನೂ ಖಂಡಿಸಿತು. ಅಷ್ಟು ತಡವಾಗಿ ಆ ಮಾತು ಹೇಳಬೇಕಾಯಿತು ಎಂಬುದೇ ರೋಗ ಎಷ್ಟು ಆಳಕ್ಕಿಳಿದಿದೆ ಎಂಬುದನ್ನು ತೋರಿಸುತ್ತದೆ.

ಈಶಾನ್ಯ ರಾಜ್ಯಗಳ ಹುಡುಗರನ್ನು ತಮಾಷೆಗೆ ಏನಾದರೂ ಕರೆದರೆ ಅದೂ ತಪ್ಪೇ?

ತಪ್ಪು. 2009ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲೆನಿಂತ ಮೇಲೆ ದೂರದ ರಾಜ್ಯಗಳ ವಿದ್ಯಾರ್ಥಿಗಳು ನಮ್ಮ ಜಿಲ್ಲೆಗೆ ಬರುತ್ತಿದ್ದಾರೆ. ಬಸ್ಸಿನಲ್ಲಿ ಅವರ ಕಣ್ಣಿನ ಆಕಾರ ನೋಡಿ ಚೀನಾ, ನೇಪಾಳ ಎಂದು ಕೂಗುವವರಿಗೆ ಅದು ಒಂದು ಸಲದ ನಗು. ಕೇಳಿಸಿಕೊಳ್ಳುವವರಿಗೆ ಅದು ದಿನಕ್ಕೆ ಹತ್ತು ಸಲ, ನಾಲ್ಕು ವರ್ಷ. ತನ್ನ ದೇಶದಲ್ಲಿಯೇ ತಾನು ಈ ದೇಶದವನು ಎಂದು ಸಾಬೀತುಪಡಿಸುತ್ತಿರುವುದು ಎಂಥ ದಣಿವು ಎಂದು ಯೋಚಿಸಿ.

2014ರ ಜನವರಿಯಲ್ಲಿ ದಿಲ್ಲಿಯ ಲಾಜಪತ್ ನಗರದಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿ ನಿಡೊ ತಾನಿಯಾ ಅವರ ಕೂದಲಿನ ಬಗ್ಗೆ ಆಡಿದ ಹಂಗಿಸುವ ಮಾತಿನಿಂದ ಜಗಳ ಆರಂಭವಾಗಿ, ಹೊಡೆತ ತಿಂದ ಅವರು ಸತ್ತರು. ಆಗ ನೇಮಿಸಿದ ಬೆಜ್‌ಬರುವಾ ಸಮಿತಿ ಜನಾಂಗೀಯ ನಿಂದನೆಯನ್ನು ಪ್ರತ್ಯೇಕ ಅಪರಾಧವಾಗಿಸಲು ದಂಡಸಂಹಿತೆಗೆ ಹೊಸ ಕಲಮುಗಳನ್ನು ಸೇರಿಸಬೇಕೆಂದು ಶಿಫಾರಸು ಮಾಡಿತು. ಆ ದಂಡಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಐವರು ಅಥವಾ ಹೆಚ್ಚು ಜನರ ಗುಂಪು ಜನಾಂಗ, ಜಾತಿ, ಜನ್ಮಸ್ಥಳ, ಭಾಷೆ ಮುಂತಾದ ಕಾರಣಕ್ಕೆ ಕೊಲೆ ಮಾಡಿದರೆ 103(2)ನೇ ಕಲಮಿನಡಿ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಿದೆ. ಕೊಲೆಯವರೆಗೂ ಹೋಗದ, ದಿನನಿತ್ಯದ ಮಾತಿಗೆ ಮದ್ದು ಕಾಲೇಜಿನಲ್ಲಿ, ಹಾಸ್ಟೆಲ್ಲಿನಲ್ಲಿ, ಬಸ್ಸಿನಲ್ಲಿ ಪಕ್ಕದವರು ‘ಸುಮ್ಮನಿರಪ್ಪಾ’ ಎನ್ನುವುದರಿಂದಲೇ ಶುರುವಾಗಬೇಕು.

ಮೀಸಲಾತಿ ಇದೆ, 371ಜೆ ಇದೆ. ಇನ್ನೂ ಅಸಮಾನತೆ ಎಲ್ಲಿದೆ?

ನಮ್ಮ ಭಾಗದವರಿಗೆ ಶಿಕ್ಷಣ, ಸರ್ಕಾರಿ ನೌಕರಿಯಲ್ಲಿ ಪಾಲು ಮೀಸಲಿಡುವ ಸಂವಿಧಾನದ 371(ಜೆ) ವಿಧಿ ಪ್ರದೇಶದ ಅಸಮಾನತೆಗೆ ಮದ್ದು. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದಲ್ಲಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಹಿಂದುಳಿದ ಪ್ರದೇಶದೊಳಗೂ ಕೇರಿ, ತಾಂಡಾಗಳು ಇನ್ನಷ್ಟು ಹಿಂದೆ ಇವೆ. ಅಲ್ಲಿನ ಹುಡುಗಿಗೆ ಪ್ರದೇಶದ ಭಾರ, ಹುಟ್ಟಿನ ಭಾರ, ಹೆಣ್ಣಾದದ್ದರ ಭಾರ ಮೂರೂ ಒಟ್ಟಿಗೆ ಬೀಳುತ್ತವೆ. ಕಲಬುರಗಿ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರೇ ಸುಮಾರು ಕಾಲು ಭಾಗ. ಮೀಸಲಾತಿ ಇರುವುದು ಸರ್ಕಾರಿ ನೌಕರಿ, ಶಿಕ್ಷಣ, ಚುನಾಯಿತ ಸ್ಥಾನಗಳಲ್ಲಿ. ಖಾಸಗಿ ಕೆಲಸಕ್ಕೆ, ಅಂಗಡಿ ಮಳಿಗೆಗೆ, ಬಾಡಿಗೆ ಮನೆಗೆ ಅದು ಇಲ್ಲ. ಬೆಳಗಿನ ಐದೂವರೆಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಓಣಿಗಳಲ್ಲಿ ಕಸ ಗುಡಿಸುವ ಪೌರಕಾರ್ಮಿಕರು ಯಾವ ಸಮುದಾಯದವರು ಎಂದು ಯಾರನ್ನಾದರೂ ಕೇಳಿ. ಯಾವ ಕಾನೂನೂ ಆ ಕೆಲಸವನ್ನು ಅವರಿಗೆ ಮೀಸಲಿಟ್ಟಿಲ್ಲ, ಆದರೂ ಅಜ್ಜಿಯಿಂದ ಮೊಮ್ಮಗಳಿಗೆ ಅದೇ ಕಸಬರಿಗೆ ಬಂದಿದೆ.

ಜಾತಿ ಹೆಸರು ಹಿಡಿದು ಬೈದರೆ, ಹೋಟೆಲಿನಲ್ಲಿ ಬೇರೆ ಲೋಟ ಕೊಟ್ಟರೆ, ಬಹಿಷ್ಕಾರ ಹಾಕಿದರೆ ಏನು ಮಾಡಬೇಕು?

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ. 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಜನಾಂಗ, ಜಾತಿ, ಧರ್ಮ, ಲಿಂಗ, ಜನ್ಮಸ್ಥಳದ ಭೇದವನ್ನು ನಿಷೇಧಿಸಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಸಾರ್ವಜನಿಕರಿಗೆ ಕಾಣುವಂತೆ ಅವಮಾನಿಸುವುದು, ಜಾತಿ ನಿಂದನೆ, ಸಾಮಾಜಿಕ ಇಲ್ಲವೇ ಆರ್ಥಿಕ ಬಹಿಷ್ಕಾರ, ಇವೆಲ್ಲ ಅದರಡಿ ಅಪರಾಧ. ‘ಸಾರ್ವಜನಿಕರಿಗೆ ಕಾಣುವಂತೆ’ ಎಂಬ ಮಾತು ಮುಖ್ಯ: ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಬೈದರೆ ಈ ಕಲಮು ನಿಲ್ಲುವುದು ಕಷ್ಟ. ಆದ್ದರಿಂದ ಅಲ್ಲಿ ಯಾರಿದ್ದರು, ಯಾವ ಮಾತು ಆಡಿದರು ಎಂಬುದನ್ನು ಅದೇ ದಿನ, ಆಡಿದ ಮಾತಿನಲ್ಲಿಯೇ, ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ‘ಜಾತಿ ನಿಂದನೆ ಮಾಡಿದರು’ ಎಂದಷ್ಟೇ ಬರೆದ ದೂರು ಮುಂದೆ ಸೊರಗುತ್ತದೆ.

ತನಿಖೆಯನ್ನು ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಿಲ್ಲದ ಅಧಿಕಾರಿ ಮಾಡಬೇಕು, 60 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಸಬೇಕು. ಕರ್ತವ್ಯ ಲೋಪ ಮಾಡಿದ ಸರ್ಕಾರಿ ನೌಕರರಿಗೂ 4ನೇ ಕಲಮಿನಡಿ ಶಿಕ್ಷೆಯಿದೆ. ಸಾಕ್ಷಿಗಳ ರಕ್ಷಣೆ, ಜಾಮೀನು ಅರ್ಜಿಯ ವಿಚಾರಣೆಯಲ್ಲಿ ನೊಂದವರ ಮಾತು ಕೇಳುವುದು, ಇವು 15ಎ ಕಲಮಿನಲ್ಲಿವೆ. ದೌರ್ಜನ್ಯ ತಡೆಯ ರಾಷ್ಟ್ರೀಯ ಸಹಾಯವಾಣಿ 14566. ಉಚಿತ ಕಾನೂನು ನೆರವಿನ ಸಹಾಯವಾಣಿ 15100. ಪರಿಶಿಷ್ಟರಿಗೆ, ಎಲ್ಲ ಹೆಣ್ಣುಮಕ್ಕಳಿಗೆ ಆದಾಯ ನೋಡದೆಯೇ ವಕೀಲರನ್ನು ಕೊಡಬೇಕು.

ದೂರು ಕೊಟ್ಟ ಮೇಲೆ ಅದೇ ಊರಿನಲ್ಲಿ ಬದುಕುವುದು ಹೇಗೆ?

ಇದಕ್ಕೆ ಹಗುರವಾದ ಉತ್ತರ ಕೊಡಲಾರೆ. ಬೈದವನ ಹೊಲದಲ್ಲಿಯೇ ಕೂಲಿಗೆ ಹೋಗಬೇಕು, ಅವನ ಅಂಗಡಿಯಲ್ಲಿಯೇ ಉದ್ದರಿ ತರಬೇಕು, ಅವನ ಆಟೊದಲ್ಲಿಯೇ ಹೆರಿಗೆಗೆ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಕಟಕಟೆಯಲ್ಲಿ ಸಾಕ್ಷಿ ತಿರುಗಿ ಬೀಳುವುದು ಸುಳ್ಳು ದೂರಾದ್ದರಿಂದಲೇ ಎಂದು ತಿಳಿಯುವವರು ಈ ಲೆಕ್ಕವನ್ನು ನೋಡಿಲ್ಲ. ಕಂಡ ಮಟ್ಟಿಗೆ ಹೇಳುವುದಾದರೆ, ಒಬ್ಬರೇ ಹೋಗಿ ಕೊಟ್ಟ ದೂರಿಗಿಂತ ಓಣಿಯ ಹತ್ತು ಜನ ಕೂಡಿ ಹೋದ ದೂರು ಗಟ್ಟಿಯಾಗಿ ನಿಲ್ಲುತ್ತದೆ. ಮಹಿಳಾ ಸ್ವಸಹಾಯ ಸಂಘದಲ್ಲಿ ಉಳಿತಾಯವಿದ್ದ ಕಡೆ ಉದ್ದರಿಯ ಹೆದರಿಕೆ ಕಡಿಮೆ. ಉದ್ಯೋಗ ಖಾತ್ರಿಯ ಕೆಲಸ ಸಿಗುವ ಕಡೆ ಹೊಲದ ಒಡೆಯನ ಹೆದರಿಕೆ ಕಡಿಮೆ. ಬಹಿಷ್ಕಾರದ ಸುಳಿವು ಕಂಡ ಕೂಡಲೇ ತಹಶೀಲ್ದಾರರಿಗೆ ಮತ್ತು ಸಮಾಜ ಕಲ್ಯಾಣ ಇಲಾಖೆಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ.

ನಾನೇ ಮನೆ ಬಾಡಿಗೆಗೆ ಕೊಡುವವಳು. ಜಾತಿ ಕೇಳುವುದು ನಮ್ಮಲ್ಲಿ ರೂಢಿ, ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಏನು ಮಾಡಲಿ?

ಅಕ್ಕಾ, ಈ ಪ್ರಶ್ನೆ ಕೇಳಿದ್ದಕ್ಕೆ ನಿಮ್ಮ ಮೇಲೆ ಗೌರವವಿದೆ. ಬಾಡಿಗೆ ಎಷ್ಟು ಕೊಡುತ್ತೀರಿ, ಎಷ್ಟು ಜನ ಇರುತ್ತೀರಿ, ಎಲ್ಲಿ ಕೆಲಸ, ಗಾಡಿ ಇದೆಯೇ, ಆಧಾರ್ ನಕಲು ಕೊಡಿ, ರಾತ್ರಿ ಹತ್ತರ ಮೇಲೆ ಗೇಟು ಹಾಕುತ್ತೇವೆ. ಇಷ್ಟು ಕೇಳಿ, ಇಷ್ಟು ಹೇಳಿ, ಕೀಲಿ ಕೊಡಿ. ಬೇಕಾದರೆ ಈ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿಕೊಳ್ಳಿ. ಬಂದವರನ್ನು ಚೀಟಿಯಲ್ಲಿರುವಷ್ಟೇ ಕೇಳಿ. ಸೇಡಂ ರಸ್ತೆಯಲ್ಲಿ ಕೋಣೆ ಸಿಗದ ಆ ಹುಡುಗನಿಗೆ ಕೊನೆಗೆ ಮನೆ ಕೊಟ್ಟವರು ನಿವೃತ್ತ ರೈಲ್ವೆ ನೌಕರರೊಬ್ಬರು. ಅವರು ಕೇಳಿದ್ದು ಎರಡೇ: “ಒಂದನೇ ತಾರೀಖಿಗಿ ಬಾಡಿಗಿ ಕೊಡ್ತೀಯೇನಪಾ? ಮುಂಜಾನಿ ಮೋಟಾರ್ ಹಾಕಲಾಕ ಬರ್ತದೇನ?”